ನೂರಕ್ಕೆ ಐದು

ಸೀಸೆ ಅಕ್ಕನ ಅರ್ಜಿ ಕೆಟ್ಟದ್ದು ನನ್ನ ಕೈಯಿಂದಲೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇನ್ಯಾರೋ ಬಂದು ನಿಮ್ಮ ಕಿವಿ ಊದುವುದು ಬೇಡ.

ನಾನು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತೆ. ಇಪ್ಪತ್ತೊಂದು ವರ್ಷದಿಂದ ಡಾಕ್ಟರೇಟ್ ಕಡತಗಳೇ ನನ್ನ ಪಾಲಿಗೆ ಬಂದ ಪಂಚಾಮೃತ. ಅಕ್ಕ ಎದುರಿನ ಕಟ್ಟಡದ ನೀರು ಪರೀಕ್ಷೆಯ ಲ್ಯಾಬಿನವಳು. ಇಪ್ಪತ್ತೆರಡನೇ ವಯಸ್ಸಿಗೆ ಸೀಸೆ ತೊಳೆಯಲು ಸೇರಿದ್ದರಿಂದ ಆ ಹೆಸರು ಅಂಟಿಕೊಂಡಿತು. ಸಂಜೆ ಕಾಲೇಜಿನಲ್ಲಿ ಓದಿ ಎಂ.ಎಸ್ಸಿ. ಮುಗಿಸಿದರೂ ಹೆಸರು ಬದಲಾಗಲಿಲ್ಲ. ವಾರಕ್ಕೊಮ್ಮೆ ಹೊಳೆಯ ಒಂಬತ್ತು ಜಾಗಗಳಿಂದ ನೀರು ತಂದು, ಅಳೆದು, ಬೀರು ತುಂಬ ರಟ್ಟಿನ ಪುಸ್ತಕಗಳಲ್ಲಿ ಬರೆದಿಟ್ಟವಳು ಅವಳು. ಆ ಅಳತೆಗಳಿಂದ ಐದು ಪ್ರಬಂಧಗಳು ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾದವು. ಲೇಖಕರ ಸಾಲಿನಲ್ಲಿ ಅವಳ ಹೆಸರು ಯಾವಾಗಲೂ ಕೊನೆಗೆ.

ಪ್ರಕಟವಾದ ಪ್ರಬಂಧಗಳನ್ನೇ ಒಟ್ಟುಗೂಡಿಸಿ ಡಾಕ್ಟರೇಟಿಗೆ ಕೊಡಬಹುದು ಎಂಬ ನಿಯಮ ಹೇಳಿ ಅವಳ ತಲೆ ಕೆಡಿಸಿದವಳೂ ನಾನೇ.

"ಅಚ್ಚಾಗಿದ್ದನ್ನ ಮತ್ತೇನ್ ಪರೀಕ್ಷೆ ಮಾಡ್ತಾರೆ? ಬೆಂದಿದ್ದನ್ನ ಮತ್ತೆ ಒಲೆ ಮೇಲೆ ಇಡ್ತಾರಾ?" ಎಂದು ನಕ್ಕಳು.

"ಬರಹ ಸರಿಯಿದ್ಯಾ ಅಂತ ಪತ್ರಿಕೆಯವರು ನೋಡಿರ್ತಾರೆ ಅಕ್ಕ. ಇವರು ನೋಡೋದೇ ಬೇರೆ. ಅದರಲ್ಲಿ ನಿನ್ನದೆಷ್ಟು, ಐದೂ ಒಂದಕ್ಕೊಂದು ಕೂಡುತ್ತಾ, ಎದುರಿಗೆ ಕೂರಿಸಿ ಕೇಳಿದ್ರೆ ಉತ್ತರ ಕೊಡ್ತೀಯಾ, ಇಷ್ಟು."

ಅವಳ ನಗು ನಿಂತಿತು. "ಮೌಖಿಕ ಪರೀಕ್ಷೆ ನಡೆಯೋ ಆ ಉದ್ದನೆ ಮೇಜಿಗೆ ಎಷ್ಟು ಸಲ ನೀರಿನ ಲೋಟ ಇಟ್ಟು ಬಂದಿದೀನಿ ಗೊತ್ತೇನೆ? ರಿಟೈರ್ ಆಗೋದ್ರೊಳಗೆ ಒಂದೇ ಒಂದ್ಸಲ ಅದರ ಮುಂದೆ ಕೂತು, ಇದು ನನ್ನ ಕೆಲಸ ಅನ್ಬೇಕು. ಅಷ್ಟೇ ಆಸೆ." ನಿವೃತ್ತಿಗೆ ಆಗ ಒಂದೂವರೆ ವರ್ಷ ಉಳಿದಿತ್ತು.

ನಿಯಮದ ಪ್ರಕಾರ ಕನಿಷ್ಠ ಐದು ಪ್ರಬಂಧ ಬೇಕು. ಪ್ರತಿಯೊಂದರಲ್ಲೂ ಅರ್ಧಕ್ಕಿಂತ ಹೆಚ್ಚು ಸ್ವಂತದ್ದಿರಬೇಕು. ಯಾರ ಪಾಲು ಎಷ್ಟೆಂದು ಫಾರಂನಲ್ಲಿ ಬರೆದು ಎಲ್ಲ ಲೇಖಕರೂ ಸಹಿ ಹಾಕಬೇಕು. ಅಕ್ಕನ ಹತ್ತಿರ ಇದ್ದದ್ದು ಸರಿಯಾಗಿ ಐದು. ಐದರಲ್ಲೂ ಜೊತೆ ಲೇಖಕರು ಲ್ಯಾಬಿನ ದೊಡ್ಡ ಮೇಷ್ಟ್ರು; ಆಗಲೇ ನಿವೃತ್ತರಾಗಿದ್ದ ಅವರು ಐದಕ್ಕೂ "ಇವಳದ್ದು ನೂರಕ್ಕೆ ಎಂಬತ್ತು" ಎಂದು ಬರೆದು ಸಹಿ ಹಾಕಿದರು. ನಾಲ್ಕನೆಯದರಲ್ಲಿ ಇನ್ನೊಂದು ಹೆಸರಿತ್ತು. ಆಗ ಮೇಷ್ಟ್ರ ವಿದ್ಯಾರ್ಥಿನಿ, ಈಗ ವಿಭಾಗದ ಮುಖ್ಯಸ್ಥೆ. ಆಕೆ ಎರಡು ತರಗತಿಗಳ ನಡುವೆ ನಿಂತಲ್ಲೇ ಸಹಿ ಹಾಕಿ ಓಡಿದರು.

ಹೊರಗಿನ ಪರೀಕ್ಷಕರಿಬ್ಬರೂ ಮೆಚ್ಚಿ ಬರೆದರು. ಮೌಖಿಕ ಪರೀಕ್ಷೆಗೆ ದಿನ ಗೊತ್ತಾಯಿತು. ಅಕ್ಕನ ಗಂಡ ದರ್ಜಿ, ಬಾಯಿ ಸತ್ತ ಮನುಷ್ಯ. ಅವತ್ತಿಗೆಂದು ಹೊಸ ಬಿಳಿ ಕೋಟು ಹೊಲಿದು, ಕನ್ನಡಕಕ್ಕೆ ಬೇರೆಯೇ ಜೇಬು ಇಟ್ಟಿದ್ದ.

ನನ್ನದೊಂದು ಕೊನೆಯ ಕೆಲಸ ಬಾಕಿಯಿತ್ತು. ಇದೇ ಪ್ರಬಂಧಗಳನ್ನು ಮೊದಲು ಯಾರಾದರೂ ತಮ್ಮ ಪದವಿಗೆ ಬಳಸಿಕೊಂಡಿದ್ದಾರೆಯೇ ಎಂದು ನೋಡಿ, "ಇಲ್ಲ" ಎಂದು ಬರೆಯುವುದು. ಕೂತಲ್ಲೇ ಬರೆಯಬಹುದಿತ್ತು, ಎಷ್ಟೋ ಸಲ ಹಾಗೇ ಬರೆದಿದ್ದೇನೆ. ಅಕ್ಕನದ್ದರ ಮೇಲೆ ನಾಳೆ ಯಾರೂ ಬೆರಳು ತೋರಿಸಬಾರದೆಂದು ಕಡತದ ಕೋಣೆಗೆ ಹೋದೆ. ಎಂಥ ಗ್ರಹಚಾರ ನೋಡಿ!

ಮುಖ್ಯಸ್ಥೆಯ ಹತ್ತೊಂಬತ್ತು ವರ್ಷದ ಹಿಂದಿನ ಕಡತ. ಅದರಲ್ಲಿ ಅದೇ ನಾಲ್ಕನೆಯ ಪ್ರಬಂಧ. ಪಾಲಿನ ಫಾರಂ: ವಿದ್ಯಾರ್ಥಿನಿ ಎಪ್ಪತ್ತೈದು, ಮೇಷ್ಟ್ರು ಇಪ್ಪತ್ತು, ಸಹಾಯಕಿ ಐದು. ಸಹಾಯಕಿಯ ಕೆಲಸ, "ನೀರು ತಂದುಕೊಟ್ಟದ್ದು". ಕೆಳಗೆ ಮೂವರದ್ದೂ ಸಹಿ. ಸ್ವೀಕರಿಸಿದವರು ಎಂಬಲ್ಲಿ ನನ್ನ ಚಿಕ್ಕ ಸಹಿ.

ಕಾಗದವನ್ನು ಅಲ್ಲೇ ಒಳಗೆ ತಳ್ಳಿ ಬರಲು ಕೈ ಬರಲಿಲ್ಲ. ಪ್ರಾಮಾಣಿಕತೆ ಅಂದುಕೊಳ್ಳಬೇಡಿ, ಹೆದರಿಕೆ. ಕೊಟ್ಟ ಪದವಿಯನ್ನು ನಾಳೆ ಕಿತ್ತುಕೊಂಡರೆ ಅವಳು ಬದುಕಿರುತ್ತಾಳೆಯೇ? ಮೇಲಿನವರಿಗೆ ಹೇಳುವ ಮೊದಲು ಅವಳಿಗೇ ತೋರಿಸಿದೆ.

ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಸಹಿ ನನ್ನದೇ ಕಣೇ. ನೋಡು, ಮಸಿ ಹರಡಿದೆ. ಕೈ ಒದ್ದೆ ಇತ್ತು."

"ಓದ್ಲಿಲ್ವಾ ಅಕ್ಕ?"

"ಓದೋದಾ? ಆ ಹುಡುಗಿ ಓಡ್ಕೊಂಡು ಬಂದ್ಲು. ಅಕ್ಕ ಬೇಗ, ಆಫೀಸ್ ಮುಚ್ಚಿಬಿಡ್ತಾರೆ ಅಂದ್ಲು. ಹಾಕ್ದೆ. ನೀನು ಓದಿದ್ಯಾ?"

ನಾನೂ ಓದಿರಲಿಲ್ಲ. ಸಹಿಗಳನ್ನು ಎಣಿಸಿದ್ದೆ.

ಮೇಲಿನವರಿಗೆ ಹೇಳಿದ ಮೇಲೆ ವಿಚಾರಣೆಗೆ ಕೂತ ಸಮಿತಿಯ ಮುಂದೆ ಅಕ್ಕ ರಟ್ಟಿನ ಪುಸ್ತಕಗಳನ್ನು ಹೊತ್ತುಕೊಂಡು ಹೋದಳು. ಆ ಪ್ರಬಂಧದ ನಾನೂರು ಚಿಲ್ಲರೆ ಅಳತೆಗಳೂ ಅವಳ ಅಕ್ಷರದಲ್ಲೇ ಇದ್ದವು. ಪುಸ್ತಕಕ್ಕೆ ನಿಯಮದಲ್ಲಿ ಜಾಗವಿಲ್ಲ, ಮೊದಲು ಹಾಕಿದ ಸಹಿಗಿದೆ ಎಂದರು. ಮೇಷ್ಟ್ರನ್ನು ಕೇಳಿದರೆ, "ಕೇಳಿದವರಿಗೆಲ್ಲ ಹಾಕಿಕೊಟ್ಟೆನಪ್ಪ. ಯಾರದೆಷ್ಟು ಅಂತ ನೆನಪಿಲ್ಲ" ಎಂದುಬಿಟ್ಟರು. ಮುಖ್ಯಸ್ಥೆ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬಿಟ್ಟರೆ ಅವರದೇ ಪದವಿಯ ಬುಡ ಅಲ್ಲಾಡುತ್ತಿತ್ತು. ತಲೆ ತಗ್ಗಿಸಿ ಕೂತರು.

ನಾಲ್ಕು ಪ್ರಬಂಧ ಸಾಲದು. ಅರ್ಜಿ ವಾಪಸ್. ಮೊಹರು ಒತ್ತಿದ್ದು ಈ ಕೈಯೇ.

"ಆ ಮುಖ್ಯಸ್ಥೆ ಮೇಲೆ ದೂರು ಕೊಡು ಅಕ್ಕ," ಎಂದು ಎಗರಾಡಿದೆ.

"ಹತ್ತೊಂಬತ್ತು ವರ್ಷ ಆದ್ಮೇಲೆ ಅವಳದ್ದು ಕಿತ್ಕೊಂಡು ನನಗೇನಾಗ್ಬೇಕು? ಆ ಪ್ರಬಂಧ ಬರೆದಿದ್ದು ಅವಳೇ, ಅದೂ ಸುಳ್ಳಲ್ಲ," ಎಂದಳು. ಆಮೇಲೆ, "ಹೊಟ್ಟೆ ಮಾತ್ರ ಉರೀತಿದೆ ಕಣೇ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ತಡೆಯಲಾಗಲಿಲ್ಲ.

ಅವಳ ನಿವೃತ್ತಿಯ ಕೊನೆಯ ವಾರ ಲ್ಯಾಬಿಗೆ ಹೋಗಿದ್ದೆ. ಅವಳು ತೊಟ್ಟಿಯ ಹತ್ತಿರ ಸೀಸೆ ತೊಳೆಯುತ್ತಿದ್ದಳು. ಮುಖ್ಯಸ್ಥೆ ಹೊಸ ವಿದ್ಯಾರ್ಥಿಯೊಬ್ಬನ ಪಾಲಿನ ಫಾರಂ ಹಿಡಿದು ಬಂದರು. "ಅಕ್ಕ, ಇಲ್ಲೊಂದು ಸಹಿ. ಸ್ವಲ್ಪ ಅವಸರ ಇತ್ತು."

"ಕೂತ್ಕೊಳ್ಳಿ ಮೇಡಂ."

ಅಕ್ಕ ನಲ್ಲಿ ನಿಲ್ಲಿಸಿದಳು. ಎರಡೂ ಕೈಗಳನ್ನು ಬೆರಳು ಬೆರಳಾಗಿ ಒರೆಸಿಕೊಂಡಳು. ಮೌಖಿಕ ಪರೀಕ್ಷೆಗೆಂದು ಗಂಡ ಹೊಲಿದಿದ್ದ ಆ ಕೋಟನ್ನೇ ಹಾಕಿಕೊಂಡಿದ್ದಳು. ಜೇಬಿನಿಂದ ಕನ್ನಡಕ ತೆಗೆದು, ಮೊದಲ ಸಾಲಿನಿಂದ ಓದತೊಡಗಿದಳು. ಮುಖ್ಯಸ್ಥೆ ಕೂರಲಿಲ್ಲ, ಹೋಗಲೂ ಇಲ್ಲ. ತನ್ನ ಹೆಸರಿನ ಮುಂದೆ ಇದ್ದ ಐದನ್ನು ಅಕ್ಕ ಹೊಡೆದುಹಾಕಿ ನಲವತ್ತು ಎಂದು ಬರೆದಳು. ಪಕ್ಕದಲ್ಲಿ ಸಹಿ ಹಾಕಿ ಪೆನ್ನನ್ನು ಮುಖ್ಯಸ್ಥೆಯ ಕಡೆ ಚಾಚಿದಳು. ಅವರು ಕಣ್ಣೆತ್ತದೆ ತಾವೂ ಹಾಕಿದರು.

ಆ ಫಾರಂ ಮಧ್ಯಾಹ್ನ ನನ್ನ ಮೇಜಿಗೆ ಬಂತು. ತಿದ್ದಿದ ಫಾರಂ ತೆಗೆದುಕೊಳ್ಳಬಾರದೆಂದು ನಿಯಮ. ಪೂರ್ತಿ ಓದಿ ತೆಗೆದುಕೊಂಡೆ.