ಮರಿಸ್ವಾಮಿಯವರು ಯಶವಂತನಗರಕ್ಕೆ ಹೋದದ್ದು

ಹೊಸಪೇಟೆಯ ಮೇನ್ ಬಜಾರಿನ ಹಿಂದಿನ ಓಣಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆಯಲ್ಲಿ ಮರಿಸ್ವಾಮಿಯವರ ಅಂಗಡಿ ಇತ್ತು. ಕಂಪ್ಲಿಯಲ್ಲಿ ಸೋದರಮಾವನ ಕೈಕೆಳಗೆ ರೇಡಿಯೊ, ಟೇಪ್ ರೆಕಾರ್ಡರ್ ಬಿಚ್ಚಿ ಕೂಡಿಸುವುದನ್ನು ಕಲಿತವರು ಅವರು. ಕಾಲ ಬದಲಾದಂತೆ ಟಿವಿ ರಿಪೇರಿಗೆ ಬಂದರು, ಆಮೇಲೆ ಕಂಪ್ಯೂಟರಿಗೆ. ಯಾರೂ ಪಾಠ ಹೇಳಿರಲಿಲ್ಲ. ಕೆಟ್ಟ ಮಷಿನ್‌ಗಳನ್ನು ಮುಂದಿಟ್ಟುಕೊಂಡು ಕೂತು, ಎಷ್ಟೋ ದಿನ ಕೂತು ತಾವೇ ಕಲಿತದ್ದು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಅಂಗಡಿಯ ಬಾಗಿಲು ತೆರೆದರೆ, ಕೆಳಗಿನ ಗಿರಣಿ ತಿರುಗುವಷ್ಟು ಹೊತ್ತೂ ಆ ಕೋಣೆ ಸಣ್ಣಗೆ ನಡುಗುತ್ತಿತ್ತು. ಆ ನಡುಗುವ ಮೇಜಿನ ಮೇಲೇ ಅವರು ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳನ್ನು ಬಿಚ್ಚುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಯಾರು ಮಷಿನ್ ತಂದರೂ ಮೊದಲು ತಾವು ಮುಟ್ಟುತ್ತಿರಲಿಲ್ಲ. ತಂದವರನ್ನೇ ಕುರ್ಚಿಯ ಮೇಲೆ ಕೂಡಿಸಿ, ಮನೆಯಲ್ಲಿ ಹೇಗೆ ನಡೆಸುತ್ತೀರೋ ಹಾಗೇ ನಡೆಸಿ ಅನ್ನುತ್ತಿದ್ದರು. ತಾವು ಪಕ್ಕದಲ್ಲಿ ಕೈಕಟ್ಟಿ ಕೂತು ನೋಡುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ. ಬಂದವರು ಮಷಿನ್ ಸಂಗತಿಯ ಜೊತೆಗೆ ಮನೆಯ ಸಂಗತಿಯನ್ನೂ ಹೇಳಿಕೊಳ್ಳುತ್ತಿದ್ದರು, ಅದನ್ನೂ ಕೇಳುತ್ತಿದ್ದರು. ಅವಸರದವರಿಗೆ ಇದು ಹಿಡಿಸುತ್ತಿರಲಿಲ್ಲ. ಆದರೆ ಒಮ್ಮೆ ಬಂದವರು ಬೇರೆ ಅಂಗಡಿ ಹುಡುಕಿದ್ದು ಕಡಿಮೆ.

ಆ ಪದ್ಧತಿಯನ್ನು ಅವರು ತಪ್ಪಿಸಿದ್ದು ಜಂಬಪ್ಪನ ವಿಷಯದಲ್ಲಿ.

ಜಂಬಪ್ಪ ಸಂಡೂರಿನ ಹತ್ತಿರದ ಯಶವಂತನಗರದವನು. ಗಣಿಗೆ ಹೋಗುವ ದಾರಿಗೆ ನೀರು ಹೊಡೆಯುವ ಟ್ಯಾಂಕರ್ ಓಡಿಸುತ್ತಿದ್ದ. ಅದಿರಿಗೆ ಚೀನಾದಿಂದ ಬೇಡಿಕೆ ಬಂದು ಲಾರಿಗಳು ಇರುವೆ ಸಾಲಿನಂತೆ ಹರಿಯುತ್ತಿದ್ದ ಕಾಲ ಅದು. ದಾರಿಗೆ ಎಷ್ಟು ನೀರು ಹೊಡೆದರೂ ಕೆಂಪು ಧೂಳು ಏಳುವುದು ಏಳುತ್ತಲೇ ಇತ್ತು. ಅವನು ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟು, ಕೆಳಗೆ ಟ್ಯಾಂಕರ್ ನಿಲ್ಲಿಸಿ ಬಂದಿದ್ದೇನೆ, ಪೊಲೀಸರು ಬರುವುದರೊಳಗೆ ಹೋಗಬೇಕು ಅಂದ. ಬ್ರೌಸರ್ ತೆರೆದು ಸ್ವಲ್ಪ ಹೊತ್ತಾದರೆ ಎಲ್ಲ ನಿಂತುಬಿಡುತ್ತದೆ, ಇದರಲ್ಲಿ ಮಗಳ ಹತ್ತಿರ ಮಾತಾಡಬೇಕು ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದ.

ಮರಿಸ್ವಾಮಿ ಬ್ರೌಸರ್ ತೆರೆದು ನೋಡಿದರು, ನಕ್ಕರು. ಪರದೆಯ ಮೇಲಿನ ಅರ್ಧಭಾಗ ಬರೀ ಪಟ್ಟಿಗಳೇ. ಒಂದು ಹುಡುಕುವ ಪಟ್ಟಿ, ಒಂದು ಹವಾಮಾನದ ಪಟ್ಟಿ, ಒಂದು ಹಾಡಿನ ಪಟ್ಟಿ, ಅದರ ಕೆಳಗೆ ಸ್ಪೀಡ್ ಮಾಡುತ್ತೇವೆಂದು ಹೇಳುವ ಇನ್ನೆರಡು. ಡ್ರೈವರ್ ಗೆಳೆಯರು ಒಬ್ಬೊಬ್ಬರಾಗಿ ಬಂದು, ಇದನ್ನು ಹಾಕು ಜಲ್ದಿ ಓಡುತ್ತೆ ಎಂದು ಹಾಕಿಹೋಗಿದ್ದರೆಂದು ಆಮೇಲೆ ತಿಳಿಯಿತು. ಹೊಸ ಲಾರಿಯ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಕರಿದಾರ, ಗೆಜ್ಜೆ, ಚಪ್ಪಲಿ ಎಲ್ಲ ಕಟ್ಟಿ ಗಾಜೇ ಕಾಣದಂತೆ ಮಾಡಿದ ಹಾಗಿತ್ತು. ಅವರು ಒಂದೊಂದಾಗಿ ಎಲ್ಲ ತೆಗೆದರು. ಮಷಿನ್ ಚಾಲೂ ಆದೊಡನೆ ತಾವಾಗಿಯೇ ಏಳುತ್ತಿದ್ದ ಬೇಡದ ಸಾಫ್ಟ್‌ವೇರ್‌ಗಳನ್ನು ನಿಲ್ಲಿಸಿದರು. ವರ್ಷಗಳಿಂದ ಕೂಡಿಬಿದ್ದಿದ್ದ ಹಳೆಯ ಕಡತಗಳನ್ನು ಒರೆಸಿದರು. ಇಡೀ ಮಧ್ಯಾಹ್ನ ಓಡಿಸಿ ನೋಡಿದರು. ಹಳೆಯದಾದರೂ ಮಷಿನ್ ಚೆನ್ನಾಗಿಯೇ ಓಡಿತು. ಜಂಬಪ್ಪ ಬಂದು ಒಯ್ದ.

ಮುಂದಿನ ವಾರ ಬಂದದ್ದು ಜಂಬಪ್ಪನಲ್ಲ, ಅವನ ಹೆಂಡತಿ ನಿಂಗಕ್ಕ. ಮಷಿನ್ ತಂದಿರಲಿಲ್ಲ. ಗಂಡ ಅದನ್ನು ಗುಜರಿಗೆ ಹಾಕುತ್ತೇನೆಂದು ಸಿಟ್ಟಾಗಿದ್ದಾನೆ, ಅದಕ್ಕೇ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಬಂದಿದ್ದೇನೆ ಅಂದಳು. ಮರಿಸ್ವಾಮಿ ಕುರ್ಚಿ ತೋರಿಸಿದರು. ಆಕೆ ಕೂಡಲಿಲ್ಲ.

"ನೀವು ಛಲೋ ಆಗೇತಿ ಅಂದ್ರಿ, ಸ್ವಾಮೇರ. ಭಾನುವಾರ ಮತ್ತ ನಿಂತ್ಬಿಡ್ತು" ಅಂದಳು.

"ಕುಂದ್ರು ತಾಯಿ. ಮೊದಲಿಂದ ಹೇಳು."

ನಿಂಗಕ್ಕ ಹೇಳಿದ್ದು ಇಷ್ಟು. ಮಗಳು ಸ್ನೇಹಾಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ತಾಯಿ ಮಗಳು ಇಬ್ಬರೂ ಕೂಡಿ ಕೈಮಾತು ಕಟ್ಟಿಕೊಂಡಿದ್ದರು. ಯಾವ ಪುಸ್ತಕದಲ್ಲೂ ಇಲ್ಲದ್ದು, ಅವರಿಬ್ಬರಿಗೇ ತಿಳಿಯುವಂಥದ್ದು. ಈ ವರ್ಷ ಹುಡುಗಿಯನ್ನು ಮೈಸೂರಿನ ಕಡೆ ಕಿವುಡ ಮಕ್ಕಳ ಶಾಲೆಗೆ ಹಾಕಿದ್ದರು. ಅಲ್ಲಿಯ ಕೈಮಾತು ಬೇರೆ. ಅವರದು ಇವಳಿಗೆ ತಿಳಿಯದು, ಇವಳದು ಅವರಿಗೆ ತಿಳಿಯದು. ಫೋನು ಈ ತಾಯಿ ಮಗಳಿಗೆ ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಶಾಲೆಯವರು ಪಾಪ, ಭಾನುವಾರ ಸಂಜೆ ಕಂಪ್ಯೂಟರ್ ಮುಂದೆ ಕೂಡಿಸುತ್ತಿದ್ದರು. ಗಣಿ ಕಂಪನಿಯ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಜಂಬಪ್ಪನಿಗೆ ಕೊಟ್ಟ ಹಳೆಯ ಲ್ಯಾಪ್‌ಟಾಪ್ ಇತ್ತು, ಮೇಲೊಂದು ಕ್ಯಾಮೆರಾ ಸಿಕ್ಕಿಸಿದ್ದರು. ಆದರೆ ಕೈ ಎತ್ತಿ ಎರಡು ಮಾತಾಡುವುದರಲ್ಲಿ ಚಿತ್ರ ನಿಂತುಬಿಡುತ್ತಿತ್ತು.

"ಆಕಿಗೆ ಮಷಿನ್ ನಿಂತೈತಿ ಅಂತ ಗೊತ್ತಾಗಂಗಿಲ್ರಿ. ಅವ್ವ ಸುಮ್ನ ಗುರಾಯಿಸಿ ನೋಡಾಕತ್ಯಾಳ, ಮಾತಾಡವಲ್ಲಳು ಅಂತ ತಿಳೀತಾಳ. ಊಟ ಬಿಟ್ಟಾಳಂತ. ಈ ಭಾನುವಾರನೂ ಹಿಂಗ ಆದ್ರ ಕರ್ಕೊಂಡು ಹೋಗ್ರಿ ಅಂದಾರ ವಾರ್ಡನ್ನು."

ಜಂಬಪ್ಪ ಸೋಮವಾರದಿಂದ ರಜೆ ಕೇಳಿಟ್ಟಿದ್ದ. ಮಗಳನ್ನು ಒಮ್ಮೆ ಕರೆತಂದರೆ ಮತ್ತೆ ಕಳಿಸುವ ಮಾತಿಲ್ಲವೆಂದು ನಿಂಗಕ್ಕನಿಗೆ ಗೊತ್ತಿತ್ತು. ಓದು ಅಲ್ಲಿಗೇ ನಿಂತಂತೆ. ಬಾ ಅನ್ನಲೂ ಇರು ಅನ್ನಲೂ ಆಕೆಗೆ ಮನಸ್ಸಿರಲಿಲ್ಲ. ನಿನಗೇನು ಬೇಕು ಎಂದು ಮಗಳನ್ನೇ ಒಮ್ಮೆ ಕೇಳಬೇಕಾಗಿತ್ತು, ಅಷ್ಟೇ.

ಕೆಳಗೆ ಗಿರಣಿ ನಿಂತಿತ್ತು. ನಡೆಸುವವರನ್ನು ನೋಡದೆ ಮಷಿನ್ ಒಂದನ್ನೇ ನೋಡಿದೆನಲ್ಲ ಎಂದು ಮರಿಸ್ವಾಮಿಯವರಿಗೆ ಚುಚ್ಚಿತು. ಭಾನುವಾರ ತಾವೇ ಬರುವುದಾಗಿ ಹೇಳಿದರು.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಸಂಡೂರು ಬಸ್ಸು ಹಿಡಿದರು. ಯಶವಂತನಗರದಲ್ಲಿ ಇಳಿದಾಗ ಬಿಳಿ ಅಂಗಿ ತಿಳಿಗೆಂಪಾಗಿತ್ತು. ಆ ಊರಲ್ಲಿ ಮರದ ಎಲೆಯೂ ಕೆಂಪು, ಎಮ್ಮೆಯ ಬೆನ್ನೂ ಕೆಂಪು. ಜಂಬಪ್ಪನ ಮನೆಯ ಕಟ್ಟೆಯ ಮೇಲೆ ಪಕ್ಕದ ಮನೆಯ ಭೀಮವ್ವ ಕೂತಿದ್ದಳು. ಬಂದವರನ್ನು ಮೇಲಿಂದ ಕೆಳಗೆ ನೋಡಿ, "ಟ್ಯಾಂಕರ್ ರಿಪೇರಿಗೂ ಇಷ್ಟ್ ಮಂದಿ ಬಂದಿಲ್ಲ ಬಿಡ್ರಿ. ಆ ಡಬ್ಬಿ ತಿಪ್ಪಿಗೆ ಒಗಿ ಅಂದ್ರ ಕೇಳವಲ್ಲಳು" ಅಂದಳು. ಮರಿಸ್ವಾಮಿ ಕೈಮುಗಿದು ಒಳಗೆ ಹೋದರು.

ಒಳಗೆ ಕಾಲಿಡುತ್ತಲೇ ಅವರು ಗಮನಿಸಿದ್ದು ಬಟ್ಟೆಗಳನ್ನು. ಆ ಮನೆಯಲ್ಲಿ ಎಲ್ಲದಕ್ಕೂ ಅಂಗಿ ಇತ್ತು. ಟಿವಿಗೆ ಹೂವಿನ ಅಂಗಿ, ಮಿಕ್ಸಿಗೆ ಗೆರೆಯ ಅಂಗಿ, ನೀರಿನ ಕೊಡಕ್ಕೆ, ಹೊಲಿಗೆ ಮಷಿನ್ನಿಗೆ, ಗೋಡೆಯ ಮೇಲಿನ ಗಡಿಯಾರಕ್ಕೂ ಒಂದು ಪರದೆ. ಆ ಓಣಿಯ ಹೆಂಗಸರೆಲ್ಲ ಹಾಗೆಯೇ. ಮನೆಗೆ ಹೊಸ ಸಾಮಾನು ಬಂದರೆ ಮೊದಲು ಅಳತೆ ತೆಗೆದು ಅಂಗಿ ಹೊಲಿಯುವರು, ಆಮೇಲೆ ಬಳಸುವರು. ಧೂಳಿನಿಂದ ಕಾಪಾಡಿಕೊಳ್ಳಲು ಅವರಿಗೆ ಬೇರೆ ದಾರಿ ಇರಲಿಲ್ಲ.

"ದಿನಾ ಹೆಂಗ ಕುಂದ್ರತೀಯೋ ಹಂಗ ಕುಂದ್ರು ತಾಯಿ. ನಾ ಇಲ್ಲ ಅಂತ ತಿಳಿ" ಎಂದು ಮರಿಸ್ವಾಮಿ ಗೋಡೆಗೆ ಒರಗಿ ಕೂತರು.

ನಿಂಗಕ್ಕ ಕಿಟಕಿ ಮುಚ್ಚಿದಳು. ಟ್ರಂಕಿನೊಳಗಿಂದ ಲ್ಯಾಪ್‌ಟಾಪ್ ತೆಗೆದು, ಟ್ರಂಕು ಮುಚ್ಚಿ, ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಹಾಕಿ ಹಾಸಿದಳು. ಲ್ಯಾಪ್‌ಟಾಪನ್ನು ಕೂಸನ್ನು ಮಲಗಿಸುವಂತೆ ಅದರ ಮೇಲಿಟ್ಟಳು. ಅದಕ್ಕೂ ಅಂಗಿ ಇತ್ತು. ನೀಲಿ ಜರಿಯಂಚಿನ ಬಟ್ಟೆ, ಒಳಗೆ ದಪ್ಪ ಅಸ್ತರು. ಪರದೆ ಮತ್ತು ಕೀಲಿಗಳಷ್ಟೇ ಹೊರಗೆ ಕಾಣುವಂತೆ ಕತ್ತರಿಸಿ, ತಳಭಾಗ, ಬೆನ್ನು, ಎರಡೂ ಮಗ್ಗುಲು ಬಿಗಿಯಾಗಿ ಮುಚ್ಚುವಂತೆ ಹೊಲಿದಿದ್ದಳು. ಮಾರ್ಕೆಟ್ಟಿನಲ್ಲಿ ಸಿಗದಂಥ ನಾಜೂಕಾದ ಕೆಲಸ.

ಬ್ರೌಸರ್ ಸರಾಗವಾಗಿ ತೆರೆಯಿತು. ಓಡುತ್ತದೋ ನೋಡಲೆಂದು ಆಕೆ ಒಂದೆರಡು ವಿಡಿಯೊ ಹಾಕಿದಳು. ಸ್ವಲ್ಪ ಹೊತ್ತು ಓಡಿದವು. ಆಮೇಲೆ ಚಿತ್ರ ತಡವರಿಸಿತು, ಬಾಣದ ಗುರುತು ಎಳೆದಲ್ಲಿಗೆ ಬರದಾಯಿತು, ಕೊನೆಗೆ ಎಲ್ಲ ನಿಂತಿತು. ಮರಿಸ್ವಾಮಿ ಎದ್ದು ಬಂದು ಅಂಗಿಯ ಮೇಲೆ ಅಂಗೈ ಇಟ್ಟರು. ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿತ್ತು.

"ನನ್ನ ಅಂಗಡಿಗೆ ಕಳಿಸಿದಾಗ ಈ ಅಂಗಿ ಇರಲಿಲ್ಲಲ್ಲ?"

ಗಂಡನ ಟ್ಯಾಂಕರಿನಲ್ಲಿ ಮಾಸುತ್ತದೆಂದು ಬಿಚ್ಚಿ ಒಗೆದಿಟ್ಟಿದ್ದಳಂತೆ. ಸ್ನೇಹಾ ಸಣ್ಣವಳಿದ್ದಾಗಿನ ಲಂಗದ ಬಟ್ಟೆ ಅದು ಎಂದೂ ಹೇಳಿದಳು.

ಮರಿಸ್ವಾಮಿಗೆ ಈಗ ಎಲ್ಲ ತಿಳಿಯಿತು. ಹೇಳುವುದೇ ಕಷ್ಟವಾಯಿತು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಅಂಗಿ ಬಿಚ್ಚಿ, ಮಷಿನ್ ಆರಿಸಿ ಕವುಚಿ ಹಾಕಿ, ಗಾಳಿ ಆಡುವ ಸಣ್ಣ ಕಿಂಡಿಗಳನ್ನು ತೋರಿಸಿದರು. ಒಳಗೊಂದು ಫ್ಯಾನ್ ತಿರುಗುತ್ತದೆ, ಬಿಸಿ ಗಾಳಿ ಇಲ್ಲಿಂದ ಹೊರಗೆ ಬೀಳಬೇಕು, ಬೀಳದಿದ್ದರೆ ಮಷಿನ್ ತಾನು ಸುಟ್ಟುಹೋಗಬಾರದೆಂದು ಕೆಲಸವನ್ನು ನಿಧಾನ ಮಾಡುತ್ತದೆ ಎಂದು ವಿವರಿಸಿದರು. ಕೆಳಗೆ ಕೌದಿ, ಸುತ್ತ ಅಂಗಿ. ಅದಕ್ಕೆ ಉಸಿರಾಡಲು ಜಾಗವೇ ಇರಲಿಲ್ಲ.

ನಿಂಗಕ್ಕ ಆ ನೀಲಿ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು:

"ಹಂಗಾದ್ರ ನಾನ ನನ್ನ ಮಗಳ ಬಾಯಿ ಮುಚ್ಚೀನೇನ್ರಿ, ಸ್ವಾಮೇರ?"

"ಇಲ್ಲ ತಾಯಿ. ಧೂಳು ಒಳಗ ಹೋಗಬಾರದು ಅಂತ ಮಾಡೀದಿ, ಅದು ಖರೇನ. ಕೂಸಿನ ತಲಿಗೆ ಕುಂಚಿಗಿ ಕಟ್ತೀವಿ, ಸೆಕಿ ಆದ್ರ ಬಿಚ್ತೀವಿ. ಇದೂ ಹಂಗ. ಮಲಗಿದಾಗ ಹೊದಿಸು, ಎದ್ದಾಗ ತೆಗಿ."

ಅಷ್ಟು ಹೇಳಿ ಚೀಲದಿಂದ ತಿರುಪುಳಿ ತೆಗೆದು ತಳದ ಮುಚ್ಚಳ ಬಿಚ್ಚಿದರು. ಅಂಗಿ ಹೊಲಿಯುವ ಮೊದಲೇ ಒಳಗೆ ಸೇರಿದ್ದ ಗಣಿಯ ಮಣ್ಣು ಫ್ಯಾನಿನ ಬಾಯಿಗೆ ಕೆಂಪು ಕಂಬಳಿಯ ಚೂರಿನ ಹಾಗೆ ಅಂಟಿತ್ತು. ಬಣ್ಣ ಹಚ್ಚುವ ಮೆತ್ತನೆಯ ಬ್ರಷ್ಷಿನಿಂದ ಅದನ್ನು ಬಿಡಿಸಿದರು. ಫ್ಯಾನನ್ನು ಬೆರಳಿನಿಂದ ಹಿಡಿದು ಊದಿದರು. ತಿಂಗಳಿಗೊಮ್ಮೆ ಹೀಗೆ ಮಾಡಬೇಕೆಂದು ನಿಂಗಕ್ಕನ ಕೈಯಿಂದಲೇ ಎರಡು ತಿರುಪು ಹಾಕಿಸಿದರು. ಟ್ರಂಕಿನ ಮೇಲಿನ ಕೌದಿ ತೆಗೆದು, ಬಚ್ಚಲಿನ ಬಳಿ ಬಿದ್ದಿದ್ದ ಎರಡು ಮರದ ತುಂಡುಗಳನ್ನು ಒರೆಸಿ, ಅವುಗಳ ಮೇಲೆ ಲ್ಯಾಪ್‌ಟಾಪ್ ಎತ್ತಿ ಇಟ್ಟರು.

ಮಗಳೊಡನೆ ಮಾತಾಡುವ ಹೊತ್ತಾಗಿತ್ತು. ಪರದೆಯ ಮೇಲೆ ಹುಡುಗಿಯ ಮುಖ ಮೂಡಿತು. ಎರಡು ಜಡೆ, ಬಾಡಿದ ಕೆನ್ನೆ. ಕೈಗಳು ತೊಡೆಯ ಮೇಲೇ ಇದ್ದವು, ಎತ್ತಲಿಲ್ಲ. ಈ ಸಲವೂ ನಿಲ್ಲುತ್ತದೆ ಎಂದು ಕಾಯುತ್ತಿರುವವಳಂತೆ ತಾಯಿಯನ್ನೇ ನೋಡಿದಳು. ನಿಂಗಕ್ಕ ಕೈ ಎತ್ತಿದಳು. ಮರಿಸ್ವಾಮಿ ಅಲ್ಲಿ ನಿಲ್ಲಲಿಲ್ಲ. ಅವರಿಗೆ ಆ ಕೈಮಾತು ತಿಳಿಯುತ್ತಿರಲಿಲ್ಲ, ಆದರೂ ಅದು ಇನ್ನೊಬ್ಬರ ಮಾತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತರು.

ಅಷ್ಟರಲ್ಲಿ ಮನೆಗೆ ಬಂದಿದ್ದ ಜಂಬಪ್ಪ ಅಲ್ಲೇ ಬೀಡಿ ಹಿಡಿದು ಕೂತಿದ್ದ, ಹಚ್ಚಿರಲಿಲ್ಲ. ಒಳಗಿನಿಂದ ಒಂದು ಸದ್ದಿಲ್ಲ. ಭೀಮವ್ವನಿಗೆ ತಡೆಯಲಾಗಲಿಲ್ಲ.

"ಮತ್ತ ನಿಂತಂಗೈತಿ ನೋಡ್ರಿ" ಅಂದಳು.

ಮರಿಸ್ವಾಮಿ ತಲೆ ವಾಲಿಸಿ ಕಿವಿಗೊಟ್ಟಿದ್ದರು. "ಬಳಿ ಸಪ್ಪಳ ಕೇಳ್ಯವ್ವಾ" ಅಂದರು.

ಭೀಮವ್ವನೂ ಬಾಗಿಲ ಕಡೆ ಕಿವಿಗೊಟ್ಟಳು. ಒಳಗೆ ನಿಂಗಕ್ಕನ ಗಾಜಿನ ಬಳೆಗಳು ಕಿಣಿಕಿಣಿ ಅನ್ನುತ್ತಿದ್ದವು. ನಿಲ್ಲುತ್ತಿದ್ದವು. ಜಂಬಪ್ಪನ ಮುಖ ಇಳಿಯುವಷ್ಟರಲ್ಲಿ ಮತ್ತೆ ಶುರುವಾಗುತ್ತಿದ್ದವು. ನಿಂತಾಗ ಮಗಳು ಹೇಳುತ್ತಿದ್ದಾಳೆ, ಇವಳು ಕೇಳುತ್ತಿದ್ದಾಳೆ ಎಂದು ಮೂವರಿಗೂ ನಿಧಾನವಾಗಿ ತಿಳಿಯಿತು. ಒಮ್ಮೆ ಬಹಳ ಹೊತ್ತು ನಿಂತವು. ಆಮೇಲೆ ಒಂದೇ ಸಮನೆ, ಅವಸರ ಅವಸರವಾಗಿ ಸದ್ದಾಯಿತು, ಅದರ ನಡುವೆ ನಿಂಗಕ್ಕ ನಕ್ಕದ್ದೂ ಕೇಳಿಸಿತು.

ಆಕೆ ಬಾಗಿಲಿಗೆ ಬಂದಾಗ ಕಣ್ಣುಗಳು ಒದ್ದೆಯಾಗಿದ್ದವು. ಮಗಳು ಮೊದಲು ಕೇಳಿದ್ದು, ಅವ್ವ, ನನ್ನ ಮೇಲೆ ಸಿಟ್ಟೇ ಎಂದು. ಇಲ್ಲವೆಂದು ಎಷ್ಟು ಸಲ ಹೇಳಿದರೂ ಮತ್ತೆ ಮತ್ತೆ ಕೇಳಿದಳಂತೆ. ಪಕ್ಕದ ಹಾಸಿಗೆಯ ಹುಡುಗಿಗೆ ತಮ್ಮ ಮನೆಯ ಕೈಮಾತು ಕಲಿಸುತ್ತಿದ್ದಾಳಂತೆ. ಆ ಹುಡುಗಿ ಇವಳಿಗೆ ಶಾಲೆಯದನ್ನು.

"ಬರ್ತೀ ಏನು ಅಂತ ಕೇಳ್ದೆ" ಅಂದಳು ಗಂಡನಿಗೆ. "ದಸರಾಕ್ಕ ಬರ್ತೀನಿ ಅಂದ್ಲು. ರಜಾ ಬ್ಯಾಡ ಅಂತ ಹೇಳ್ರಿ ನಾಳೆ. ಈಗ ನಿಮ್ಮನ್ನ ಕರ್ಯಾಕತ್ಯಾಳ, ಜಲ್ದಿ ಬರ್ರಿ."

ಜಂಬಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿ ಎದ್ದ. ಬಾಗಿಲಲ್ಲಿ ಒಂದು ಕ್ಷಣ ನಿಂತು, ಧೂಳು ಹತ್ತಿದ ಎರಡೂ ಕೈಗಳನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು ಒಳಗೆ ಹೋದ.