ಏಳು ಗಂಟೆಯ ಸೂಜಿ

ನನ್ನ ಮಗಳ ಜೀವ ಪಕ್ಕದ ಮನೆಯ ಫ್ರಿಜ್ಜಿನಲ್ಲಿದೆ. ಠಾಣೆ ಹತ್ತಿರದ ಈ ದಿವಾಕ್ಕೆ ಬಂದ ಹೊಸತರಲ್ಲಿ ಬಿಜಾಪುರಕ್ಕೆ ಹೀಗೊಂದು ಕಾರ್ಡು ಬರೆದಿದ್ದೆ. ಅವ್ವ ಇದು ಮಾಟವೇ ಸೈ ಎಂದು ತಿಳಿದು, ಊರಿನಿಂದ ಬರುವವರ ಕೈಯಲ್ಲಿ ಮಂತ್ರಿಸಿದ ನಿಂಬೆಹಣ್ಣು ಕಳಿಸಿಬಿಟ್ಟಳು.

ವಿಷಯ ಇಷ್ಟೇ. ನಮ್ಮ ರೇಣುಗೆ ಐದನೇ ವರ್ಷಕ್ಕೇ ಸಕ್ಕರೆ ಕಾಯಿಲೆ ಬಂತು. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು ಇನ್ಸುಲಿನ್ ಸೂಜಿ ಚುಚ್ಚಬೇಕು, ಅರ್ಧ ಗಂಟೆ ಬಿಟ್ಟು ಉಣ್ಣಿಸಬೇಕು. ಔಷಧಿಯನ್ನು ತಣ್ಣಗಿಡಬೇಕು. ನಮ್ಮದು ಚಾಳಿನ ಒಂದೇ ಕೋಣೆ, ಮೇಲೆ ತಗಡು. ಅಂಬರನಾಥದ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಯಜಮಾನರಿಗೆ ಫ್ರಿಜ್ಜು ದೂರದ ಮಾತು. ಇಡೀ ಚಾಳಿಗಿದ್ದ ಒಂದೇ ಫ್ರಿಜ್ಜು ಗೋಡೆಯಾಚೆಯ ಮಾಲತಿ ವಹಿನಿಯದು. ವಹಿನಿ ಎಂದರೆ ನಮ್ಮ ವೈನಿಯೇ, ಅತ್ತಿಗೆ. ಅವರು ನಾನು ಕೇಳುವ ಮೊದಲೇ ಮೊಟ್ಟೆ ಇಡುವ ಸಾಲಿನಲ್ಲಿ ಎರಡು ಗುಳಿ ಖಾಲಿ ಮಾಡಿ ಕೊಟ್ಟರು.

ಊರಿನಲ್ಲಿ ನಾವು ಹಸಿದಾಗ ಉಣ್ಣುತ್ತಿದ್ದೆವು, ನಿದ್ದೆ ಬಂದಾಗ ಮಲಗುತ್ತಿದ್ದೆವು. ಗಡಿಯಾರ ನೋಡುವ ಕೆಲಸ ಬಸ್‌ಸ್ಟ್ಯಾಂಡಿಗೆ ಹೊರಟವರದು. ಇಲ್ಲಿ ನೀರು ಐದೂವರೆಗೆ ಬಂದು ಆರಕ್ಕೆ ನಿಲ್ಲುತ್ತದೆ. ಆರೂ ಐವತ್ತರ ಲೋಕಲ್ ತಪ್ಪಿದರೆ ಯಜಮಾನರಿಗೆ ಅರ್ಧ ದಿನದ ಖಾಡೆ, ಅಂದರೆ ಗೈರುಹಾಜರಿ. ಮೊದಲ ಆರು ತಿಂಗಳು ನಾನು ಎಲ್ಲದಕ್ಕೂ ಎದ್ದುಬಿದ್ದು ಓಡುತ್ತಿದ್ದೆ. ಸೂಜಿ ಒಂದು ದಿನ ಏಳಕ್ಕೆ, ಒಂದು ದಿನ ಎಂಟೂವರೆಗೆ. ರೇಣು ಒಣಗಿ ಕಡ್ಡಿಯಾದಳು, ನನಗೆ ದಿನಾ ತಲೆನೋವು. ಕಲ್ಯಾಣದ ಡಾಕ್ಟರು ನನ್ನ ಮುಖ ನೋಡಿ, "ದೇಖೋ ಬಾಯಿ, ಆಧಾ ಕಾಮ್ ಸೂಯಿ ಕರತೀ ಹೈ, ಆಧಾ ಘಡೀ," ಎಂದರು. ಅರ್ಧ ಕೆಲಸ ಸೂಜಿ ಮಾಡುತ್ತದೆ, ಇನ್ನರ್ಧ ಗಡಿಯಾರ.

ಅಂದೇ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನೀರು, ರೊಟ್ಟಿ, ಸೂಜಿ, ಊಟ, ಶಾಲೆ, ನನ್ನ ಅರ್ಧ ಗಂಟೆಯ ನಿದ್ದೆ ಎಲ್ಲವನ್ನೂ ಹೊತ್ತಿನ ಸಮೇತ ಬರೆದು ಮೊಳೆಗೆ ತೂಗುಹಾಕಿದೆ. ಸೂಜಿ, ಹತ್ತಿ, ಸ್ಪಿರಿಟ್ಟು, ನಾಲ್ಕು ಬಿಸ್ಕೀಟು, ಮೈಯ ಸಕ್ಕರೆ ತೀರ ಇಳಿದರೆ ಬಾಯಿಗೆ ಹಾಕಲು ಒಂದು ಪೊಟ್ಟಣ ಸಕ್ಕರೆ, ಇವಿಷ್ಟಕ್ಕೆ ಒಂದು ಸ್ಟೀಲಿನ ಡಬ್ಬಿ. ಹೊಸಿಲು ದಾಟಿದರೆ ಡಬ್ಬಿ ಚೀಲದಲ್ಲಿರಲೇಬೇಕು. ಯಜಮಾನರು "ಮಿಲಿಟರಿ ಆತು ನೋಡು ನಮ್ಮನಿ," ಎಂದು ನಕ್ಕರು. ನಗಲಿ. ಮೂರು ತಿಂಗಳಲ್ಲಿ ರೇಣುವಿನ ಕೆನ್ನೆ ತುಂಬಿತು, ನನ್ನ ತಲೆನೋವು ಹೇಳದೆ ಕೇಳದೆ ಹೋಯಿತು. ಒಳಗಿನ ದಿಗಿಲು ಮಾತ್ರ ಹೋಗಲಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಆಗ ರೇಣುಗೆ ಒಂಬತ್ತು ವರ್ಷ. ಚೌತಿಗೆ ಕೊಂಕಣದ ತಮ್ಮ ಊರಿಗೆ ಹೋಗುತ್ತೇವೆಂದು ವಹಿನಿ ಎಂಟು ದಿನದಿಂದ ಹೇಳುತ್ತಲೇ ಇದ್ದರು. ನಾನು ತಲೆಯಾಡಿಸುತ್ತಲೇ ಇದ್ದೆ. ನಮ್ಮ ಕಡೆ ಹಬ್ಬವೆಂದರೆ ಜನ ಮನೆಗೆ ಬರುತ್ತಾರೆ. ಹಬ್ಬದ ದಿನ ಮನೆಗೆ ಬೀಗ ಬೀಳುವುದನ್ನು ನಾನು ಕಂಡವಳಲ್ಲ. ವಹಿನಿಯ ಮುದುಕಿ ಅತ್ತೆಯಾದರೂ ದೀಪ ಹಚ್ಚಲು ಉಳಿಯುತ್ತಾರೆ ಎಂದುಕೊಂಡೆ, ಬಾಯಿಬಿಟ್ಟು ಕೇಳಲಿಲ್ಲ. ಚೌತಿಯ ಹಿಂದಿನ ದಿನ ಬೆಳಗಿನ ಸೂಜಿ ಮುಗಿಸಿ, ಶೀಸೆಯನ್ನು ಮರಳಿ ಫ್ರಿಜ್ಜಿನಲ್ಲಿಟ್ಟು, ರಾಕೇಲ್‌ಗೆ, ಅಂದರೆ ನಮ್ಮ ಚಿಮಣಿ ಎಣ್ಣೆಗೆ, ಸಾಲು ನಿಲ್ಲಲು ಹೋದೆ. ಮಧ್ಯಾಹ್ನ ಬಂದು ನೋಡಿದರೆ ಚಾಳಿನ ಹತ್ತು ಬಾಗಿಲಿಗೆ ಎಂಟು ಬೀಗ. ಬಸ್ಸಿನ ಗಡಿಬಿಡಿಯಲ್ಲಿ ವಹಿನಿಗೂ ಶೀಸೆಯ ನೆನಪಾಗಿರಲಿಲ್ಲ. ಅತ್ತೆಯೂ ಕೊಂಕಣಕ್ಕೆ ಹೋಗಿದ್ದರು.

ಎರಡೂ ಶೀಸೆ ಒಳಗೆ. ನಾನು ಬೀಗ ಒಡೆಯಲೆಂದು ಕಲ್ಲು ಎತ್ತಿಕೊಂಡೆ. ಪರರ ಬಾಗಿಲು, ನಾವೋ ಹೊರಗಿನವರು, ನಾಳೆ ಏನಾದರೂ ಕಳೆದರೆ ಏನು ಹೇಳಲಿ ಎಂದು ಕಲ್ಲನ್ನು ಕೆಳಗಿಟ್ಟೆ. ದಿವಾದ ಔಷಧಿ ಅಂಗಡಿಯಲ್ಲಿ ಇನ್ಸುಲಿನ್ ಇರಲಿಲ್ಲ. ಯಜಮಾನರು ಬರುವುದು ರಾತ್ರಿ. ಎಂದೂ ಒಬ್ಬಳೇ ಲೋಕಲ್ ಹತ್ತದವಳು ರೇಣುವಿನ ಕೈ ಹಿಡಿದು, ಡಬ್ಬಿಯನ್ನೂ ರೊಟ್ಟಿಯ ಗಂಟನ್ನೂ ಚೀಲಕ್ಕೆ ಹಾಕಿಕೊಂಡು ಡೊಂಬಿವಲಿಗೆ ಹೊರಟೆ.

ಹಬ್ಬದ ಸಂತೆಯಲ್ಲಿ ಕಾಲಿಡಲು ಜಾಗವಿಲ್ಲ. ಮೊದಲ ಅಂಗಡಿಯಲ್ಲಿ ಇಲ್ಲ, ಎರಡನೆಯದರಲ್ಲಿ ಬೇರೆ ಬಗೆಯದು. ರೇಣು ಮೇಲಿಂದ ಮೇಲೆ ನೀರು ಕೇಳತೊಡಗಿದಳು. ಬಿಸಿಲಿನ ನೀರಡಿಕೆಯೋ ಸಕ್ಕರೆ ಏರಿದ್ದೋ ನನಗೆ ಹೇಗೆ ಗೊತ್ತಾಗಬೇಕು? ಐದನೇ ಅಂಗಡಿಯಲ್ಲಿ ನಮ್ಮ ಔಷಧಿ ಸಿಕ್ಕಿತು. ಬರ್ಫದ ಚೂರಿನ ಜೊತೆ ಕಟ್ಟಿಸಿಕೊಂಡು ಸ್ಟೇಷನ್ನಿಗೆ ಓಡಿ, ಎದುರಿಗೆ ನಿಂತ ಗಾಡಿಗೆ ನುಗ್ಗಿದೆ.

ಗಾಡಿ ಹೊರಟ ಮೇಲೆ ರೇಣು, "ಅವ್ವಾ, ಯೇ ಫಾಸ್ಟ್ ಹೈ. ದಿವಾ ನಹೀ ರುಕೇಗೀ," ಎಂದಳು. ಇದು ಫಾಸ್ಟ್ ಗಾಡಿ, ದಿವಾದಲ್ಲಿ ನಿಲ್ಲುವುದಿಲ್ಲ. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲೇ ಉತ್ತರ ಕೊಡುವುದು.

"ಮೊದಲ ಯಾಕ ಹೇಳಲಿಲ್ಲವಾ?"

"ತೂನೇ ಪೂಛಾ ಕಹಾಂ?"

ನಾನೆಲ್ಲಿ ಕೇಳಿದ್ದೆ! ನಮ್ಮ ದಿವಾ ಕಣ್ಣೆದುರೇ ಓಡಿಹೋಯಿತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಠಾಣೆಯಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ಗಡಿಯಾರ ಏಳಕ್ಕೆ ಐದು ನಿಮಿಷ ತೋರಿಸುತ್ತಿತ್ತು. ದಿವಾದಲ್ಲಿ ನಿಲ್ಲುವ ಸ್ಲೋ ಗಾಡಿ ಯಾವಾಗ ಬರುವುದೋ, ಅದರೊಳಗೆ ತೂರಲಾಗುವುದೋ ಇಲ್ಲವೋ. ಆಗ ಚೀಲದಲ್ಲಿ ಕೈಗೆ ಡಬ್ಬಿ ತಾಗಿತು. ಎಲ್ಲವೂ ಅದರಲ್ಲೇ ಇದೆಯಲ್ಲ! ಬೆಂಚಿನ ಮೇಲೆ ರೇಣುವನ್ನು ಕೂಡಿಸಿದೆ. ಹೂವಿನ ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಸೂಜಿ ನೋಡಿ ಏನೆಂದು ಕೇಳಿದರು. ರೇಣುವೇ ಮರಾಠಿಯಲ್ಲಿ ವಿವರಿಸಿದಳು. ಅವರು ಬುಟ್ಟಿ ಇಳಿಸಿ, ಸೆರಗು ಹರಡಿ ಗೋಡೆಯಂತೆ ನಿಂತರು. ಸರಿಯಾಗಿ ಏಳಕ್ಕೆ ಸೂಜಿ, ಏಳೂವರೆಗೆ ಅದೇ ಬೆಂಚಿನ ಮೇಲೆ ರೊಟ್ಟಿ, ಪುಂಡಿಪಲ್ಯ. ಅಷ್ಟು ಸಮಾಧಾನದ ಊಟ ನಾನು ಈ ಊರಿಗೆ ಬಂದ ಮೇಲೆ ಉಂಡಿರಲಿಲ್ಲ.

ವಾರದ ಮೇಲೆ ಬಂದ ವಹಿನಿಗೆ ಕಲ್ಲು ಎತ್ತಿ ಕೆಳಗಿಟ್ಟದ್ದನ್ನೂ ಹೇಳಿದೆ. ಅವರು ಹಣೆ ಬಡಿದುಕೊಂಡು, "ಅಗ ವೇಡೇ, ಕುಲೂಪ ತೋಡಾಯಚಂ ನಾ!" ಎಂದು ಬೈದರು. ಹುಚ್ಚಿ, ಬೀಗ ಒಡೆಯಬೇಕಿತ್ತಲ್ಲ! ಮರುದಿನವೇ ಇನ್ನೊಂದು ಕೀಲಿಕೈ ಮಾಡಿಸಿ ನನ್ನ ಕೈಗಿಟ್ಟರು. ಅದನ್ನು ವೇಳಾಪಟ್ಟಿಯ ಮೊಳೆಗೇ ತೂಗುಹಾಕಿದ್ದೇನೆ. ಈಗ ಬೇರೆ ಮನೆಯವರೂ ಊರಿಗೆ ಹೋಗುವಾಗ ಕೀಲಿಕೈ ಕೊಟ್ಟು ಹೋಗುತ್ತಾರೆ. ನನ್ನ ಕೆಲಸ ಅಚ್ಚುಕಟ್ಟು ಎಂದು ಅವರಿಗೆ ಗೊತ್ತು. ಹಬ್ಬಕ್ಕೆ ನಾನು ಎಲ್ಲಿಗೂ ಹೋಗುವವಳಲ್ಲ ಎಂಬುದೂ ಗೊತ್ತು.

ಬೇಸಿಗೆಯಲ್ಲಿ ಊರಿಗೆ ಹೋದಾಗ ಔಷಧಿಯನ್ನು ನೀರಿನ ಮಡಕೆಯಲ್ಲಿ ಇಳಿಬಿಡುತ್ತೇನೆ. ಏಳಾಯಿತೇ ಎಂದು ಹತ್ತು ಸಲ ಕೇಳುವ ನನ್ನನ್ನು ನೋಡಿ ಅಣ್ಣನ ಹೆಂಡತಿ, "ವೈನ್ಸೂ, ಅಲ್ಲಿ ಗಾಡಿ ಇಲ್ಲೂ ತಂದೀರೇನ್ರಿ?" ಎಂದು ಕಾಡಿಸುತ್ತಾಳೆ. ಆ ಮನೆಯ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಅದಕ್ಕೊಂದು ಕೀಲಿಕೈ ಇದೆಯೋ ಇಲ್ಲವೋ, ಅಲ್ಲೇ ಹುಟ್ಟಿದ ನನಗೆ ಗೊತ್ತಿಲ್ಲ.

ಈ ಸಲ ಚೌತಿಗೆ ಬಾ, ಅವ್ವ ದಾರಿ ನೋಡುತ್ತಾಳೆ ಎಂದು ಅಣ್ಣ ಕಾರ್ಡು ಬರೆದಿದ್ದಾನೆ. ನಾಲ್ಕು ದಿನವಾಯಿತು, ಉತ್ತರ ಬರೆದಿಲ್ಲ. ಬರುತ್ತೇನೆಂದರೆ ಮೊಳೆಯ ಮೇಲಿರುವ ಆರು ಕೀಲಿಕೈಗಳನ್ನು ಯಾರಿಗೆ ಕೊಟ್ಟು ಬರಲಿ? ಬರುವುದಿಲ್ಲವೆಂದು ಬರೆಯಲು ಕೈ ಏಳುತ್ತಿಲ್ಲ.