ನೀಲಿ ಬೆಲ್ಟಿಗೆ ಬರಿಗೈ

ಪುಟ್ಟಲಕ್ಷ್ಮಮ್ಮನವರ ಕೈಯಲ್ಲಿ ಬಳೆ ಇಲ್ಲ. ಗಂಡ ಇದ್ದಾರೆ.

ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಬಳಿಯ ಕೊಬ್ಬರಿ ಪುಡಿ ಘಟಕ. ಇನ್ನೂ ನಸುಕು. ಟೊಪ್ಪಿ, ಗವಸು, ರಬ್ಬರ್ ಬೂಟು ತೊಟ್ಟು ಅವರು ನೀಲಿ ಬೆಲ್ಟಿನ ಅಡಿಗೆ ತಲೆ ತೂರಿಸಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ತುರಿದ ಕಾಯಿ ಈ ಬೆಲ್ಟಿನ ಮೇಲೆ ಸಾಗಿ ಒಣಗಿಸುವ ಯಂತ್ರಕ್ಕೆ ಹೋಗುತ್ತದೆ. ತಿನ್ನುವ ಪದಾರ್ಥದಲ್ಲಿ ನೀಲಿ ಅಪರೂಪ. ಬೆಲ್ಟಿನ ಚೂರು ಕಿತ್ತು ಬಿದ್ದರೆ ತಟ್ಟನೆ ಕಾಣಲಿ ಎಂದೇ ಆ ಬಣ್ಣ. ಜಿಡ್ಡು ಕೆರೆಯಬೇಕು, ನೊರೆ ಹಾಕಿ ಉಜ್ಜಬೇಕು, ಬಿಸಿನೀರು ಬಿಡಬೇಕು. ಮೇಲ್ಭಾಗವನ್ನು ಯಾರು ಬೇಕಾದರೂ ತೊಳೆದಾರು. ಕೊಳೆಯುವುದೆಲ್ಲ ಅಡಿಯಲ್ಲಿ, ಕೊಂಡಿಗಳ ಸಂದಿಯಲ್ಲಿ.

"ಕಾಯಿ ಜಿಡ್ಡು ಅಂದ್ರೆ ನೆಂಟ್ರಿದ್ದಂಗೆ. ಯಾರೂ ಕರ್ದಿರಲ್ಲ, ಬಂದ್ಮೇಲೆ ಎದ್ದೋಗಲ್ಲ," ಎನ್ನುತ್ತಾರೆ.

ಒಳಗೆ ಬಳೆ, ಓಲೆ, ಹೂವು ಕೂಡದು. ಲೋಹದ ಚೂರಿದ್ದರೆ ಕೊನೆಯ ಯಂತ್ರ ಕೂಗಿಕೊಳ್ಳುತ್ತದೆ. ಗಾಜು ಅದಕ್ಕೆ ತಿಳಿಯುವುದಿಲ್ಲ. ದಿನಾ ಗೇಟಿನಲ್ಲಿ ಬಿಚ್ಚಿಡಲೆಂದು ಮೊದಮೊದಲು ಸಡಿಲ ಬಳೆ ತೊಟ್ಟು ಬರುತ್ತಿದ್ದರು. ಒಮ್ಮೆ ಒಂದು ಬಳೆ ಸೀಳಿ, ಅದರ ಚೂರು ಕೆಲಸದ ಅಂಗಿಯ ತೋಳಿನ ಮಡಿಕೆಯಲ್ಲಿ ಕೂತಿತ್ತು. ಒಳಗೆ ಕಾಲಿಡುವ ಮೊದಲೇ ಕಂಡಿತು, ಸರಿ. ಕಾಣದಿದ್ದರೆ? ಅಂದಿನಿಂದ ತೊಡುವುದನ್ನೇ ಬಿಟ್ಟರು.

ತಾಳಿ ಸೆರಗಿನೊಳಗೆ ಇರುತ್ತದೆ, ಬರಿಗೈ ಊರಿಗೆಲ್ಲ ಕಾಣುತ್ತದೆ. ಮೊಪೆಡ್‌ನಲ್ಲಿ ಕರೆತಂದು ಬಿಡುವ ಗಂಡ ಜವರಯ್ಯನವರಿಗೆ ಇದೊಂದು ತಮಾಷೆ. "ಮೊನ್ನೆ ಒಬ್ಬ, ನಿನ್ ತಿಥಿಗೆ ನನ್ಯಾಕ್ಲಾ ಕರೀಲಿಲ್ಲ ಅಂದ. ನಾನಿನ್ನೂ ಇವ್ನಿ ಅಂತ ಕುತ್ಗೆಗೆ ಬೋರ್ಡು ನೇತಾಕಳನಾ?"

ಇವತ್ತು ಪುಟ್ಟಲಕ್ಷ್ಮಮ್ಮನವರಿಗೆ ನಗು ಬರುತ್ತಿಲ್ಲ. ಬಿಂಡಿಗನವಿಲೆಯಲ್ಲಿ ಅಣ್ಣನ ಮಗಳು ಸ್ನೇಹಾಳ ಸೀಮಂತ. ಇವರೇ ಎತ್ತಿ ಆಡಿಸಿದ ಹುಡುಗಿ. ಮೊದಲ ಬಳೆ ಅತ್ತೆಯೇ ತೊಡಿಸಬೇಕೆಂದು ಹಟ ಹಿಡಿದಿದ್ದಾಳೆ. ತೊಡಿಸುವವರು ಮೊದಲು ಬಳೆಗಾರನ ಮುಂದೆ ಕೂತು ತಾವು ತೊಡಬೇಕು. ಆ ಮನೆಯ ಪದ್ಧತಿಯಂತೆ, ಹಾಗೆ ತೊಟ್ಟ ಬಳೆಯನ್ನು ಹೆರಿಗೆಯಾಗುವ ತನಕ ತೆಗೆಯುವಂತಿಲ್ಲ.

ಅತ್ತಿಗೆ ಇಂದಿರ ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದ್ದಾರೆ: "ಬರಿಗೈಲಿ ನನ್ ಮಗೀಗೆ ಬಳೆ ತೊಡುಸ್ಬ್ಯಾಡ. ಇಲ್ದಿದ್ರೆ ಸುಮ್ಕೆ ಕೂತು ಉಂಡೋಗು."

ಸೂಪರ್‌ವೈಸರ್ ವಿನಯ್ ಉಪಾಯ ಸೂಚಿಸುತ್ತಾರೆ. "ತೊಟ್ಕೊಂಡು ಬನ್ನಿ ಅಕ್ಕ. ನಾಳೆ ಗೇಟಲ್ಲಿ ತೆಗೆದ್ರಾಯ್ತು. ಯಾರಿಗೆ ಗೊತ್ತಾಗತ್ತೆ?"

"ಯಾರ್ಗೂ ಗೊತ್ತಾಗ್ದೇ ಇರೋದ್ನ ತೊಳ್ಯಕ್ಕೇ ಅಲ್ವಾ ಸಾರ್, ನೀವು ನನ್ನ ಮಡಗಿರಾದು? ಹೆಣ್ಮಗೀಗೆ ಏನಾರ ಎಚ್ಚುಕಮ್ಮಿ ಆದ್ರೆ ನಾನ್ ತಡ್ಕಳಕಾಯ್ತದಾ?"

ವಿನಯ್ ಬೆಲ್ಟಿನ ಅಡಿಗೆ ಹತ್ತಿಯ ಕಡ್ಡಿ ಉಜ್ಜಿ ಪರೀಕ್ಷೆಗೆ ಒಯ್ಯುತ್ತಾರೆ. ಫಲಿತಾಂಶ ಚೊಕ್ಕಟ. ಬೆಲ್ಟು ಹೊರಳುತ್ತದೆ. ಪುಟ್ಟಲಕ್ಷ್ಮಮ್ಮ ಸೀರೆ ಬದಲಿಸಿ ನಾಗಮಂಗಲದ ಬಸ್ಸು ಹಿಡಿಯುತ್ತಾರೆ.

ಬಿಂಡಿಗನವಿಲೆಯ ಜಗಲಿಯಲ್ಲಿ ಬಳೆಗಾರ ದಾಸಯ್ಯ ಕೈಚಾಚುತ್ತಾನೆ: "ಬಾ ತಾಯಿ, ನಿನ್ ಕೈಗೊಪ್ಪೋ ಅಸ್ರು ಬಳೆ ಅವೆ." ಅವರು ಕೈಮುಗಿದು ಹಿಂದೆ ಸರಿಯುತ್ತಾರೆ. ಸ್ನೇಹ ಒಂದೇ ಸಲ "ಅತ್ತೆ" ಎಂದು ಕರೆಯುತ್ತಾಳೆ. ಇಂದಿರ ಬಳೆಯ ತಟ್ಟೆಯನ್ನು ಪಕ್ಕದ ಮನೆಯ ಹೆಂಗಸಿನ ಕೈಗೆ ದಾಟಿಸುತ್ತಾರೆ. ಪುಟ್ಟಲಕ್ಷ್ಮಮ್ಮ ಉಣ್ಣುತ್ತಾರೆ, ಹುಡುಗಿಯ ತಲೆ ಸವರುತ್ತಾರೆ, ಸಂಜೆ ಬಸ್ಸಿಗೆ ಹೊರಡುತ್ತಾರೆ. ಅತ್ತಿಗೆ ಬಾಗಿಲಿಗೂ ಬರುವುದಿಲ್ಲ.

"ಉಟ್ಟೋ ಕೂಸು ನಾಳೆ ಅಲ್ಲು ಬಂದ್ಮೇಲೆ ಬಿಸ್ಕತ್ತೋ ಬರ್ಫಿಯೋ ಕಡೀತದೆ. ಅದ್ರೊಳಗೆ ನಮ್ ಪುಡಿ ಇದ್ರೆ, ಎದ್ರುಕಳಂಗಿಲ್ಲ," ಎನ್ನುತ್ತಾರೆ ಪುಟ್ಟಲಕ್ಷ್ಮಮ್ಮ.

ಈ ಕೆಲಸಕ್ಕೆ ಸೇರಿದ ಮೇಲೆ ಅವರ ಕೈತಪ್ಪಿದ್ದು ಎರಡು ಮದುವೆಯ ಆರತಿ, ಒಂದು ಸೀಮಂತ. ಅತ್ತಿಗೆ ಮಾತು ಬಿಟ್ಟಿದ್ದನ್ನೂ ಸೇರಿಸಿದರೆ ನಾಲ್ಕು.